ದ್ರಾಕ್ಷಾಯಣಿ ತನ್ನ ದನಿ ಕೇಳಿಸಿಕೊಂಡದ್ದು

ವೇದವಲ್ಲಿ ಟೀಚರ್ ಜಾವಗಲ್ಲಿನ ಶಾಲೆಗೆ ವರ್ಗವಾಗಿ ಬಂದ ವರ್ಷ, ಮೂರನೇ ತರಗತಿಯಲ್ಲಿ ದ್ರಾಕ್ಷಾಯಣಿ ಎಂಬ ಹುಡುಗಿಯಿದ್ದಳು. ಕೇಳಿದ ಕತೆಯನ್ನು ಒಂದು ಮಾತೂ ಬಿಡದೆ ಒಪ್ಪಿಸುವಳು; ಪುಸ್ತಕ ಕೈಗೆ ಕೊಟ್ಟರೆ ಮಾತ್ರ ಬೆವರುವಳು. ಹಿಂದಿದ್ದ ಮೇಷ್ಟರು ಅವಳನ್ನು ದಡ್ಡಿಯೆಂದು ಮೂಲೆಗೆ ಕೂರಿಸಿದ್ದರು. ಅವಳ ಅಪ್ಪ ಜಯದೇವಪ್ಪ, ತೆಂಗಿನ ತೋಟದವನು, ಶಾಲೆ ಬಿಡಿಸುವ ಯೋಚನೆಯಲ್ಲಿದ್ದ.

ಒಂದು ದಿನ ಪಾಠ ಓದುತ್ತ ಅವಳು ‘ಕಡಲೆ’ಯನ್ನು ‘ಕಲಡೆ’ ಎಂದಳು. ವೇದವಲ್ಲಿ ಹಾಗೆಯೇ ತಿರುಗಿ ಹೇಳಿದರು: “ಕಲಡೆ.”

ಹುಡುಗಿಗೆ ನಗು ಬಂತು. “ಕಲಡೆ ಅಲ್ಲ ಟೀಚರ್, ಕಡಲೆ.”

“ನೀನು ಓದಿದ್ದು ಹಾಗೇ ಕಣೇ.”

“ಇಲ್ಲ, ನಾನು ಕಡಲೆ ಅಂತಾನೇ ಅಂದೆ.”

ಅವಳು ಸುಳ್ಳು ಹೇಳುತ್ತಿರಲಿಲ್ಲ. ಬೇರೆಯವರ ತಪ್ಪನ್ನು ಥಟ್ಟನೆ ಹಿಡಿಯುವ ಕಿವಿಗೆ ಅವಳದೇ ದನಿ ದಕ್ಕುತ್ತಿರಲಿಲ್ಲ. ವೇದವಲ್ಲಿ ಅದನ್ನೇ ಯೋಚಿಸುತ್ತ ಕೆಲವು ದಿನ ಕಳೆದರು.

ಶಾಲೆಯ ಹಿಂದೆ ಮಕ್ಕಳು ಪರಂಗಿ ಎಲೆಯ ಟೊಳ್ಳು ದಂಟಿನಲ್ಲಿ ಒಬ್ಬರ ಕಿವಿಗೆ ಒಬ್ಬರು ಪಿಸುಗುಟ್ಟುವ ಆಟ ಆಡುತ್ತಿದ್ದರು. ಬಾಡಿ ಮೆತ್ತಗಾದ ಒಂದು ದಂಟನ್ನು ವೇದವಲ್ಲಿ ಮೆಲ್ಲಗೆ ಬಗ್ಗಿಸಿ, ಒಂದು ತುದಿಯನ್ನು ದ್ರಾಕ್ಷಾಯಣಿಯ ಬಾಯಿಗೆ, ಇನ್ನೊಂದನ್ನು ಅವಳದೇ ಕಿವಿಗೆ ಹಿಡಿದರು.

“ಈಗ ಓದು. ಮೆತ್ತಗೆ.”

ಅವಳು ಪುಸ್ತಕ ತೆರೆದು ಓದಿದಳು, ನಿಲ್ಲಿಸಿದಳು, ಹುಬ್ಬು ಗಂಟಿಕ್ಕಿ ಅಕ್ಷರಗಳನ್ನು ನೋಡಿದಳು. ಮತ್ತೆ ಓದಿದಳು. ಈ ಸಲ ಸರಿಯಿತ್ತು.

“ಟೀಚರ್, ಯಾರೋ ತಪ್ಪಾಗಿ ಓದ್ತಾವ್ರೆ ಅನ್ನಿಸ್ತು. ನೋಡಿದ್ರೆ ನಾನೇ.”

ಆಮೇಲೆ ದಿನವೂ ಶಾಲೆ ಬಿಟ್ಟ ಮೇಲೆ ಇಬ್ಬರೂ ಜಗಲಿಯಲ್ಲಿ ಕೂತರು. ಓದು ಬೇಗ ಬರಲಿಲ್ಲ. ಕೆಲವು ದಿನ ಬೇಸರದಿಂದ ಅವಳು ಪುಸ್ತಕ ಮುಚ್ಚಿಬಿಡುವಳು. ವೇದವಲ್ಲಿ ಒತ್ತಾಯಿಸದೆ ಹುರಿಗಡಲೆ ಕೊಟ್ಟು ಮನೆಗೆ ಕಳಿಸುವರು. ಜಯದೇವಪ್ಪ ಒಮ್ಮೆ ಬಂದು ಕಂಬಕ್ಕೊರಗಿ ಕೇಳಿಸಿಕೊಂಡ. “ಇನ್ನೊಂದು ವರ್ಷ ಇರ್ಲಿ ಬಿಡಿ ಟೀಚರಮ್ಮ,” ಎಂದು ಹೋದ.

ಮರುವರ್ಷ ಅಪ್ಪ ಮಗಳು ನೆಂಟರ ಮನೆಗೆ ಹೊರಟು ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲಿಗೆ ಕಾದಿದ್ದರು. ದ್ರಾಕ್ಷಾಯಣಿ ಬೋರ್ಡಿನತ್ತ ನೋಡಿ ಮೆಲ್ಲಗೆ “ಅಸರೀ...” ಎಂದವಳು ತಡೆದು, “ಅಲ್ಲ, ಅರಸೀಕೆರೆ,” ಎಂದಳು.

“ಯಾಕವ್ವಾ ನಿಲ್ಸಿದ್ದು?” ಜಯದೇವಪ್ಪ ಕೇಳಿದ.

“ನಾನಂದಿದ್ದು ತಪ್ಪು ಅಂತ ನಂಗೇ ಕೇಳಿಸ್ತು, ಅಪ್ಪಯ್ಯ.”

ಅವನಿಗೆ ಓದು ಬರುತ್ತಿರಲಿಲ್ಲ. ಸ್ಟೇಷನ್ನಿನಲ್ಲಿ ಇನ್ನೂ ಏನೇನು ಬರೆದಿದೆಯೋ ಎಲ್ಲ ಓದೆಂದ. ರೈಲು ಬರುವವರೆಗೂ ಅವಳು ನಿಧಾನವಾಗಿ ಓದುತ್ತಲೇ ಇದ್ದಳು.