ರಾಕೆಟ್ ಬೀಜಕ್ಕೂ ಸಣ್ಣಕ್ಕನ ಬೀಜಕ್ಕೂ ಒಂದೇ ಪಾತಿ

ಗದ್ದೆ ಕೊಯ್ಲು ಹತ್ತಿರ ಬಂತೆಂದರೆ ನಮ್ಮ ಕಡೆಯ ಹೆಂಗಸರಿಗೆ ಒಂದೇ ಚಿಂತೆ. ಬೇಸಿಗೆ ತರಕಾರಿಗೆ ಯಾವ ಬೀಜ ಹಾಕುವುದು? ಒಬ್ಬರ ಮನೆಯ ಬೀಜ ಇಲಿ ಪಾಲಾಗಿರುತ್ತದೆ. ಇನ್ನೊಬ್ಬರದು ಮಳೆಗಾಲದ ಥಂಡಿಗೆ ಬೂಷ್ಟು ಹಿಡಿದಿರುತ್ತದೆ. ಪ್ಯಾಕೆಟ್ ತಂದವರದು ಅರ್ಧ ಮೊಳೆಯುತ್ತದೆ, ಅರ್ಧ ಮಣ್ಣಲ್ಲೇ ಮಲಗಿಬಿಡುತ್ತದೆ. ಜಯಪುರದ ಹತ್ತಿರದ ಆ ಸಣ್ಣ ಊರಿನಲ್ಲಿ ಮಾತ್ರ ಮೊಗೆಕಾಯಿ, ಅಂದರೆ ಸಾಂಬಾರ್ ಸೌತೆಯ ಬೀಜಕ್ಕೆ ಯಾರೂ ತಲೆ ಕೆಡಿಸಿಕೊಂಡವರಲ್ಲ. ಅಲ್ಲಿ ಸಣ್ಣಕ್ಕನ ಮನೆಯ ಗೋಡೆ ಇತ್ತು.

ಸಣ್ಣಕ್ಕ ಕೂಲಿ ಕೆಲಸದವಳು. ಪ್ರತಿ ವರ್ಷ ಮೊಗೆಕಾಯಿ ಬೀಜಕ್ಕೆ ಬೂದಿ ಸವರಿ, ಸಗಣಿಯಲ್ಲಿ ಒತ್ತಿ, ಅಡುಗೆಕೋಣೆಯ ಗೋಡೆಗೆ ಬಿಲ್ಲೆ ತಟ್ಟಿ ಇಡುತ್ತಿದ್ದಳು. ಒಲೆಯ ಹೊಗೆ ತಾಗುತ್ತಿದ್ದರೆ ಹುಳ ಹತ್ತಿರ ಬರುವುದಿಲ್ಲ. ಅವಳು ಮದುವೆಯಾಗಿ ಸಿರಿಮನೆ ಕಡೆಯಿಂದ ಬರುವಾಗ ತಾಯಿ ಸೆರಗಿನ ತುದಿಗೆ ಕಟ್ಟಿಕೊಟ್ಟ ಬೀಜದ ಸಂತಾನ ಅದು. ತಾಯಿ ಹೋಗಿ ಹನ್ನೆರಡು ವರ್ಷವಾಗಿತ್ತು. ಬೀಜ ಮಾತ್ರ ಉಳಿದಿತ್ತು.

ಇನ್ನೊಂದು ಮಾತು. ಸಣ್ಣಕ್ಕನ ಕೈಗುಣ ಒಳ್ಳೆಯದೆಂದು ಊರಿಗೆಲ್ಲ ನಂಬಿಕೆ. ಯಾರ ಮನೆಯಲ್ಲಿ ಬೀಜ ಹಾಕುವುದಿದ್ದರೂ ಮೊದಲ ಗುಂಡಿಗೆ ಅವಳನ್ನೇ ಕರೆಯುತ್ತಿದ್ದರು. ಅವಳ ಗಂಡ ಗಿಡ್ಡಯ್ಯನ ಕೈಗುಣದ ಕಥೆಯೇ ಬೇರೆ. ಅವನು ಊರಿದ ದಾಸವಾಳದ ಗೆಲ್ಲೂ ಒಣಗುತ್ತದೆ ಎಂದು ಹೆಂಗಸರು ನಗುತ್ತಿದ್ದರು.

ಆ ಊರಿನ ಸ್ವಸಹಾಯ ಸಂಘದಲ್ಲಿ ಹತ್ತು ಮನೆಯ ಹೆಂಗಸರಿದ್ದರು. ಭತ್ತದ ಕೊಯ್ಲು ಮುಗಿದ ಮೇಲೆ ನಾಗಪ್ಪನವರ ಮನೆಯ ಯಮುನಮ್ಮ ತಮ್ಮ ಒಂದು ಗದ್ದೆಯನ್ನು ಬೇಸಿಗೆ ತರಕಾರಿಗೆಂದು ಸಂಘಕ್ಕೆ ಬಿಟ್ಟುಕೊಡುತ್ತಿದ್ದರು. ತಾವೂ ಸಂಘದಲ್ಲಿ ಒಬ್ಬರಾಗಿದ್ದರು. ಅಲ್ಲಿ ಬೆಳೆದ ಮೊಗೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಮನೆಯ ಜಂತಿಗೆ ತೂಗುಹಾಕುತ್ತಿದ್ದರು. ಆಷಾಢದಲ್ಲಿ ಹೊರಗೆ ಕೂಲಿಯಿಲ್ಲ, ಹಿತ್ತಲಲ್ಲಿ ತರಕಾರಿಯಿಲ್ಲ ಎನ್ನುವಾಗ ಹತ್ತು ಮನೆಯ ಹುಳಿಗೆ ಆ ಕಾಯಿಯೇ ದಿಕ್ಕು. ಬೇಸಿಗೆಯಲ್ಲಿ ಬೀಜ ಕೈಕೊಟ್ಟರೆ ಮಳೆಗಾಲದಲ್ಲಿ ಬರೀ ಗಂಜಿ, ಉಪ್ಪಿನಕಾಯಿ.

ಎರಡು ಸಾವಿರದ ಏಳನೇ ಇಸವಿ. ದೀಪಾವಳಿ ಕಳೆದಿತ್ತು. ಜಯಪುರಕ್ಕೆ ಹೋಗಿದ್ದ ಗಿಡ್ಡಯ್ಯ ಒಂದು ಹೊಳೆಯುವ ಪ್ಯಾಕೆಟ್ ಹಿಡಿದು ಬಂದ.

"ಇದು ಅಂತಿಂಥ ಬೀಜ ಅಲ್ಲ ಮಾರಾಯ್ತಿ. ರಾಕೆಟ್‌ನಲ್ಲಿ ಆಕಾಶಕ್ಕೆ ಹೋಗಿ, ಭೂಮಿಗೆ ಸುತ್ತು ಹಾಕಿ ವಾಪಸ್ ಬಂದಿದ್ದು. ಒಂದೊಂದು ಮೊಗೆಕಾಯಿ ಕೊಡಪಾನದಷ್ಟು ಆಗ್ತದಂತೆ!"

"ಯಾರು ಹೇಳಿದ್ದು?"

"ಪೇಟೆಗೆ ಜೀಪಿನಲ್ಲಿ ಒಬ್ಬ ಬಂದಿದ್ದ, ಬೀಜ ಮಾರೋನು. ಇದು ಸ್ಯಾಂಪಲ್. ಸಂಕ್ರಾಂತಿ ಹೊತ್ತಿಗೆ ಗದ್ದೆಗಾಗುವಷ್ಟು ತರ್ತಾನಂತೆ. ಒಂದೇ ಮಾತು ಹೇಳಿದ, ಹಳೇ ಬೀಜ ಯಾವುದೂ ಮನೇಲಿ ಇಟ್ಕೋಬೇಡಿ, ಇದರ ಶಕ್ತಿ ಹೋಗ್ತದೆ ಅಂತ."

ಸಣ್ಣಕ್ಕ ಪ್ಯಾಕೆಟ್ಟನ್ನು ತಿರುಗಿಸಿ ನೋಡಿದಳು. ಅದರ ಮೇಲೆ ಒಂದು ರಾಕೆಟ್, ಪಕ್ಕದಲ್ಲಿ ರಾಕೆಟ್ಟಿಗಿಂತ ದೊಡ್ಡ ಮೊಗೆಕಾಯಿ. ಅವಳಿಗೆ ಅನುಮಾನಕ್ಕಿಂತ ಆಶ್ಚರ್ಯವೇ ಹೆಚ್ಚಾಯಿತು. ತಾನು ಶಿವಮೊಗ್ಗ ದಾಟಿದವಳಲ್ಲ. ಉಗುರಿನಷ್ಟು ಬೀಜ ಆಕಾಶ ನೋಡಿ ಬಂದಿದೆ! ಅಲ್ಲಿ ಮೇಲೆ ಕೆಳಗೆ ಎನ್ನುವುದೇ ಇಲ್ಲವೆಂದು ರೇಡಿಯೋದಲ್ಲಿ ಕೇಳಿದ್ದಳು. ಹಾಗಾದರೆ ಬೇರು ಯಾವ ಕಡೆ ಇಳಿಯಬೇಕೆಂದು ಬೀಜಕ್ಕೆ ಹೇಗೆ ಗೊತ್ತಾಗಬೇಕು? ಪಾಪ, ತಲೆ ತಿರುಗುವುದಿಲ್ಲವೇ ಅದಕ್ಕೆ?

ಭಾನುವಾರ ಯಮುನಮ್ಮನ ಅಂಗಳದಲ್ಲಿ ಸಂಘದ ಸಭೆ. ಪ್ಯಾಕೆಟ್ ಕೈಯಿಂದ ಕೈಗೆ ಹೋಯಿತು.

"ಇಡೀ ಗದ್ದೆಗೆ ಇದನ್ನೇ ಹಾಕಣ. ಹೋದ ವರ್ಷ ಕಾಯಿ ಸಣ್ಣ ಬಂತು. ನಿನ್ನ ಬೀಜಕ್ಕೆ ವಯಸ್ಸಾಯ್ತು ಅನ್ಸ್ತದೆ ಸಣ್ಣಕ್ಕ" ಎಂದರು ಯಮುನಮ್ಮ.

ಆ ಮಾತು ಸಣ್ಣಕ್ಕನಿಗೆ ಚುರುಕ್ಕೆಂದಿತು. ತಾಯಿಗೇ ಅಂದ ಹಾಗಾಯಿತು. ಆದರೂ ಅವಳು ಜಗಳಕ್ಕೆ ಹೋಗಲಿಲ್ಲ. "ಮೊದಲು ನನ್ನ ಹಿತ್ತಲಲ್ಲಿ ಎರಡನ್ನೂ ಹಾಕಿ ನೋಡಣ ಅಮ್ಮ. ಯಾವುದು ಗೆಲ್ತದೋ ಅದು ಗದ್ದೆಗೆ" ಎಂದಳು. ಎಲ್ಲರೂ ಒಪ್ಪಿದರು.

ಎಡವಿದ್ದು ಇಲ್ಲೇ. ಆಕಾಶದಿಂದ ಬಂದ ಬೀಜಕ್ಕೆ ಒಳ್ಳೆಯ ಕೈಯೇ ಬೇಕೆಂದು ಹೆಂಗಸರೆಲ್ಲ ಸೇರಿ ಅದನ್ನು ಸಣ್ಣಕ್ಕನಿಂದಲೇ ಹಾಕಿಸಿದರು. ಬಚ್ಚಲ ನೀರು ಹರಿಯುವ ಕಡೆ, ಗೊಬ್ಬರಗುಂಡಿಯ ಪಕ್ಕ, ಅರಿಸಿನ ಕುಂಕುಮ ಇಟ್ಟು. ಮನೆಯ ಬೀಜಕ್ಕೆ ಅಷ್ಟು ಉಪಚಾರ ಯಾಕೆಂದು ಗಿಡ್ಡಯ್ಯನ ಕೈಗೆ ಕೊಟ್ಟರು. ಅವನು ಬೇಲಿಯ ಹತ್ತಿರ, ಹಲಸಿನ ಮರದ ನೆರಳಲ್ಲಿ ನಾಲ್ಕು ಗುಂಡಿ ತೋಡಿ ಬೀಜ ಹಾಕಿ, ಕೈ ಕೊಡವಿಕೊಂಡು ಬಂದ.

ಮೂರು ವಾರವಾಯಿತು. ರಾಕೆಟ್ ಬೀಜದ ಬಳ್ಳಿ ಬಚ್ಚಲಿನ ಗೋಡೆ ಹತ್ತಿತ್ತು. ಬೇಲಿಯ ಹತ್ತಿರದ ಬಳ್ಳಿ ಗೇಣುದ್ದ ಎದ್ದು ಸುಮ್ಮನೆ ಕೂತಿತ್ತು. ನೋಡಲು ಬಂದವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು.

"ಇನ್ನೆಂತ ಬೇಕು? ಜೀಪಿನೋನು ಹೇಳಿದ ಹಂಗೆ ಹಳೇದನ್ನ ತೆಗಿ" ಎಂದ ಗಿಡ್ಡಯ್ಯ.

ಸಣ್ಣಕ್ಕ ಒಳಗೆ ಹೋಗಿ ಗೋಡೆಯ ಬಿಲ್ಲೆಗಳನ್ನು ಒಂದೊಂದಾಗಿ ಕಿತ್ತು ಬುಟ್ಟಿಗೆ ಹಾಕಿದಳು. ಒಟ್ಟು ಏಳು ಬಿಲ್ಲೆ. ಬಚ್ಚಲೊಲೆಗೆ ಹಾಕಿದರೆ ಒಂದು ಹಂಡೆ ನೀರು ಕಾಯಬಹುದು, ಅಷ್ಟೇ. ಅವಳಿಗೆ ಅಳು ಬಂತು. ಹತ್ತು ಮನೆಯ ಊಟದ ಪ್ರಶ್ನೆಯಲ್ಲಿ ತನ್ನ ತಾಯಿಯ ನೆನಪನ್ನು ತಂದು ತುರುಕಬಾರದು ಎಂದು ತನಗೆ ತಾನೇ ಹೇಳಿಕೊಂಡಳು. ಬುಟ್ಟಿ ಎತ್ತಿಕೊಂಡು ಬಚ್ಚಲಿಗೆ ಹೊರಟಳು.

ಹಿತ್ತಲಲ್ಲಿ ಮಲ್ಲಿಕಾ ನಿಂತಿದ್ದಳು. ಅದೇ ಊರಿನ ಹುಡುಗಿ. ಕೃಷಿ ಡಿಪ್ಲೊಮಾ ಓದಿ ಕೊಪ್ಪದಲ್ಲಿ ರೈತರಿಗೆ ಮಾಹಿತಿ ಕೊಡುವ ಕೆಲಸ ಮಾಡುತ್ತಿದ್ದಳು. ರಾಕೆಟ್ ಬೀಜದ ಸುದ್ದಿ ಕೇಳಿ, ನೋಡುವ ಆಸೆಯಿಂದ ಬಸ್ಸಿಳಿದವಳು ನೇರ ಇಲ್ಲಿಗೇ ಬಂದಿದ್ದಳು.

"ಬುಟ್ಟೀಲಿ ಎಂತದ್ದು ಸಣ್ಣಕ್ಕ?"

"ಸೋತ ಬೀಜ" ಎಂದಳು ಸಣ್ಣಕ್ಕ.

ಮಲ್ಲಿಕಾ ಎರಡೂ ಕಡೆಯ ಬಳ್ಳಿಗಳನ್ನು ನೋಡಿದಳು. ಆಮೇಲೆ ಕೇಳಿದಳು, "ಬಚ್ಚಲ ಹತ್ರದ್ದು ಹಾಕಿದ್ದು ಯಾರು?"

"ನಾನು."

"ಬೇಲಿ ಹತ್ರದ್ದು?"

ಗಿಡ್ಡಯ್ಯ ಕೆಮ್ಮಿದ. ಮಲ್ಲಿಕಾ ನಕ್ಕುಬಿಟ್ಟಳು. "ಒಬ್ಬರಿಗೆ ಹಬ್ಬದ ಊಟ ಹಾಕಿ, ಇನ್ನೊಬ್ಬರನ್ನ ಉಪವಾಸ ಕೆಡವಿ ಓಟದ ಪಂದ್ಯ ಇಟ್ರಲ್ಲ! ಗೆದ್ದಿದ್ದು ಬೀಜ ಅಂತ ಹೆಂಗೆ ಹೇಳ್ತೀರಿ? ಗೊಬ್ಬರಗುಂಡಿ ಗೆದ್ದಿರಬಹುದು."

ಬಳ್ಳಿ ನೋಡಲು ಬಂದಿದ್ದ ಯಮುನಮ್ಮ ಸೋಲಲು ಸಿದ್ಧರಿರಲಿಲ್ಲ. "ಹಂಗಾದ್ರೆ ಬೀಜ ಆಕಾಶಕ್ಕೆ ಹೋಗೋದು ಸುಳ್ಳಾ?"

"ಸುಳ್ಳಲ್ಲ ಅಮ್ಮ. ಹೊರದೇಶದ ವಿಜ್ಞಾನಿಗಳು ನಿಜವಾಗ್ಲೂ ಕಳಿಸ್ತಾರೆ. ಟೊಮೆಟೊ ಬೀಜ, ಭತ್ತ, ಇನ್ನೂ ಏನೇನೋ. ಅಲ್ಲಿ ಕಣ್ಣಿಗೆ ಕಾಣದ ಕಿರಣ ಇರ್ತವೆ. ಅದು ತಾಗಿದ್ರೆ ಕೆಲವು ಬೀಜದ ಒಳಗುಣ ಬದಲಾಗಬಹುದು. ಹೆಚ್ಚಿನವು ಹೋದ ಹಾಗೇ ವಾಪಸ್ ಬರ್ತವೆ. ಬದಲಾದವು ಒಳ್ಳೇದಕ್ಕೇ ಬದಲಾಗ್ತವೆ ಅಂತಿಲ್ಲ. ಕುಂಟು ಗಿಡವೂ ಆಗಬಹುದು. ಅದಕ್ಕೇ ಅವರು ವರ್ಷಗಟ್ಟಲೆ ಬಿತ್ತಿ, ನೋಡಿ, ಚೆನ್ನಾಗಿರೋದನ್ನ ಮಾತ್ರ ಆರಿಸಿ, ಮತ್ತೆ ಬಿತ್ತಿ ನೋಡ್ತಾರೆ. ಆಕಾಶಕ್ಕೆ ಹೋಗಿ ಬಂದ ಕೂಡ್ಲೇ ಯಾವ ಬೀಜವೂ ಕೊಡಪಾನ ಬಿಡೋದಿಲ್ಲ."

"ಅಲ್ಲಿ ಬೇರು ಯಾವ ಕಡೆ ಹೋಗ್ತದೆ ಮಲ್ಲಿಕಾ?" ತಡೆಯಲಾರದೆ ಕೇಳಿದಳು ಸಣ್ಣಕ್ಕ.

"ಪ್ಯಾಕೆಟ್‌ನಲ್ಲಿ ಒಣಗಿದ ಬೀಜ ನಿದ್ದೆ ಮಾಡ್ತಿರ್ತದೆ, ಮೊಳೆಯೋದೇ ಇಲ್ಲ. ಅಲ್ಲೇ ಮೊಳೆಸಿಯೂ ನೋಡಿದ್ದಾರಂತೆ. ಚಿಗುರು ಬೆಳಕನ್ನ ಹುಡುಕಿ ಹೋಗ್ತದೆ. ಬೇರು ದಾರಿ ತಪ್ಪಿ ಅಡ್ಡಾದಿಡ್ಡಿ ಹೋಗೋದೂ ಉಂಟಂತೆ."

ಸಣ್ಣಕ್ಕನ ಮುಖ ಅರಳಿತು. ಮಲ್ಲಿಕಾ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದಳು. "ಇದರ ಮೇಲೆ ಕಂಪನಿ ವಿಳಾಸ ಇಲ್ಲ, ತಾರೀಕಿಲ್ಲ, ನೂರಕ್ಕೆ ಎಷ್ಟು ಮೊಳೆಯುತ್ತೆ ಅಂತಿಲ್ಲ. ಆಕಾಶಕ್ಕೆ ಹೋಗಿದೆಯೋ, ಜಯಪುರದ ಬಸ್‌ಸ್ಟ್ಯಾಂಡಿಗೆ ಮಾತ್ರ ಹೋಗಿದೆಯೋ, ನೋಡಿ ಹೇಳೋಕೆ ನನಗೂ ಆಗೋದಿಲ್ಲ. ಆದ್ರೆ ನಮ್ಮ ಮಣ್ಣಿಗೆ ಆಗ್ತದಾ ಇಲ್ವಾ ಅನ್ನೋದನ್ನ ನಾವೇ ನೋಡಬಹುದು. ಸರಿಯಾಗಿ ನೋಡಬೇಕು, ಅಷ್ಟೇ."

ಹೊಸ ಪಾತಿ ತಯಾರಾಯಿತು. ಒಂದೇ ಬಿಸಿಲು, ಒಂದೇ ಗೊಬ್ಬರ, ಇಪ್ಪತ್ತು ಗುಂಡಿ. ಮಲ್ಲಿಕಾ ಹತ್ತು ರಾಕೆಟ್ ಬೀಜ, ಹತ್ತು ಮನೆಯ ಬೀಜ ತೆಗೆದು ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಕಟ್ಟಿ ನಂಬರ್ ಬರೆದಳು. ಯಾವ ನಂಬರ್ ಯಾವುದೆಂಬ ಚೀಟಿ ಅವಳ ಚೀಲದಲ್ಲೇ ಉಳಿಯಿತು.

"ಹಾಕು ಸಣ್ಣಕ್ಕ" ಎಂದರು ಎಲ್ಲರೂ.

ಸಣ್ಣಕ್ಕ ಮೊದಲ ಪೊಟ್ಟಣ ಬಿಚ್ಚಿ ಬೀಜ ಮುಟ್ಟಿದಳು. ತಾಯಿಯ ಬೀಜ. ಇಪ್ಪತ್ತೈದು ವರ್ಷ ಮುಟ್ಟಿದ ಬೀಜ, ಬೆರಳಿಗೆ ತಿಳಿಯದೆ ಇರುತ್ತದೆಯೇ? ಇನ್ನೊಂದು ಹಿಡಿ ಬೂದಿ ಹಾಕಿ, ನಾಜೂಕಾಗಿ ಮಣ್ಣು ಮುಚ್ಚಿದರೆ ಯಾರಿಗೂ ಗೊತ್ತಾಗುವುದಿಲ್ಲ. ಬೀಜ ಉಳಿಯುತ್ತದೆ. ಆಮೇಲೆ ಕೈ ಹಿಂದೆ ತೆಗೆದಳು.

"ನನ್ನ ಕೈ ಬೇಡ. ಮುಟ್ಟಿದ್ರೇ ನನಗೆ ಗೊತ್ತಾಗ್ತದೆ. ಮೋಸ ಮಾಡಬೇಕು ಅನ್ನಿಸ್ತದೆ. ಇವ್ರೇ ಹಾಕಲಿ."

"ನಾನಾ?" ಗಿಡ್ಡಯ್ಯ ಹೆದರಿ ನಾಲ್ಕು ಹೆಜ್ಜೆ ಹಿಂದೆ ಹೋದ. "ಒಂದೂ ಮೊಳೆಯೋದಿಲ್ಲ ಮಾರಾಯ್ತಿ!"

"ಮೊಳೆಯದಿದ್ರೆ ಎರಡೂ ಮೊಳೆಯೋದಿಲ್ಲ. ನ್ಯಾಯ ಆಗ್ತದೆ."

ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಗಿಡ್ಡಯ್ಯ ಇಪ್ಪತ್ತೂ ಗುಂಡಿಗೆ ಬೀಜ ಹಾಕಿದ. ಅಳೆದು ಒಂದೊಂದು ಚೊಂಬು ನೀರು ಹಾಕುವ ಕೆಲಸವೂ ಅವನಿಗೇ ಬಿತ್ತು. ಬಿಲ್ಲೆಗಳು ಬುಟ್ಟಿಯಲ್ಲೇ ಅಟ್ಟ ಹತ್ತಿದವು. ಮುಂದಿನ ಒಂದೂವರೆ ತಿಂಗಳು ಊರಿನ ಹೆಂಗಸರು ಹಾದಿ ಬದಲಿಸಿ ಸಣ್ಣಕ್ಕನ ಹಿತ್ತಲಿನ ಮೇಲೇ ಓಡಾಡಿದರು. ಎಲೆ ಎಣಿಸುವುದೇನು, ಮಾರು ಹಾಕಿ ಬಳ್ಳಿ ಅಳೆಯುವುದೇನು!

ಗದ್ದೆಯ ಕೆಲಸ ಶುರುವಾಗುವ ಮುಂಚೆ ಮಲ್ಲಿಕಾ ಎಲ್ಲರ ಎದುರು ಚೀಟಿ ಬಿಚ್ಚಿದಳು. ಸಣ್ಣಕ್ಕನ ಬೀಜದಲ್ಲಿ ಒಂಬತ್ತು ಮೊಳೆತಿದ್ದವು. ಒಂಬತ್ತೂ ಒಂದೇ ಸಮ, ಎಲ್ಲದರಲ್ಲೂ ಹೀಚು. ರಾಕೆಟ್ ಬೀಜದಲ್ಲಿ ಆರು ಮೊಳೆತಿದ್ದವು. ಎರಡು ಮುರುಟಿದ್ದವು, ಮೂರು ಸಾಧಾರಣ. ಆರನೆಯದು ಮಾತ್ರ ವಿಚಿತ್ರ. ದಪ್ಪ ಎಲೆ, ಎಲ್ಲರಿಗಿಂತ ಮುಂಚೆ ಹೂವು, ಗಿಣ್ಣಿಗೆರಡು ಹೀಚು.

ಯಮುನಮ್ಮ ಆ ಬಳ್ಳಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. "ಇದೊಂದು ಎಂತದ್ದೋ ಇದೆ ಮಲ್ಲಿಕಾ. ಆದ್ರೆ ಒಂದು ಬಳ್ಳಿ ನಂಬಿ ಹತ್ತು ಮನೆ ಮಳೆಗಾಲ ಕಳೆಯೋದಕ್ಕಾಗೋದಿಲ್ಲ. ಗದ್ದೆಗೆ ಸಣ್ಣಕ್ಕನ ಬೀಜವೇ ಹಾಕಣ." ಮಣ್ಣು ಕೊಡವಿ ಎದ್ದು, "ನಾನು ಆವತ್ತು ಹಂಗೆ ಅನ್ನಬಾರದಿತ್ತು ಸಣ್ಣಕ್ಕ" ಎಂದರು.

ಪ್ಯಾಕೆಟ್ಟಿನಲ್ಲಿ ಉಳಿದ ಬೀಜವನ್ನು ಯಾರೂ ಎಸೆಯಲಿಲ್ಲ. ಹತ್ತಿರ ಹಾಕಿದರೆ ಜೇನುಹುಳ ಎರಡರ ಪರಾಗವನ್ನೂ ಬೆರೆಸುತ್ತದೆ, ಮುಂದಿನ ವರ್ಷದ ಬೀಜ ಬೆರಕೆಯಾಗುತ್ತದೆ ಎಂದು ಮಲ್ಲಿಕಾ ಹೇಳಿದ್ದಳು. ಅದಕ್ಕೇ ಅದನ್ನು ಗದ್ದೆಯಿಂದ ದೂರ, ಗುಡ್ಡದಾಚೆ ಯಮುನಮ್ಮನ ತೋಟದ ಅಂಚಿಗೆ ಹಾಕಿದರು. ಜೀಪಿನವನು ಸಂಕ್ರಾಂತಿಗೆ ಬಂದಾಗ ಸಣ್ಣಕ್ಕ ಬಿಲ್ಲು ಕೇಳಿದಳು. ತಂದುಕೊಡುತ್ತೇನೆಂದು ಹೋದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಮುಂದಿನ ಆಷಾಢದಲ್ಲಿ ಹನ್ನೊಂದು ದಿನ ಬಿಡದೆ ಹೊಯ್ದಿತು. ಬಸ್ಸು ನಿಂತಿತು, ಕೂಲಿ ನಿಂತಿತು. ಜಂತಿಯಲ್ಲಿ ತೂಗುಹಾಕಿದ್ದ ರಾಕೆಟ್ ಬೀಜದ ಕಾಯಿಗಳು, ದೊಡ್ಡವು ಇದ್ದದ್ದು ಹೌದು, ಒಂದೊಂದಾಗಿ ಕೊಳೆತು ಕೆಳಗೆ ಬಿದ್ದವು. ಸಣ್ಣಕ್ಕನ ಬೀಜದ ಕಾಯಿಗಳು ಕಲ್ಲಿನ ಹಾಗೆ ಇದ್ದವು. ಹತ್ತೂ ಮನೆಯಲ್ಲಿ ಹುಳಿ ಕುದಿಯಿತು. ಇಡೀ ಗದ್ದೆಗೆ ಆ ಪ್ಯಾಕೆಟ್ ಬೀಜವನ್ನೇ ಹಾಕಿದ್ದರೆ ಏನಾಗುತ್ತಿತ್ತೆಂದು ಗಿಡ್ಡಯ್ಯ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ, ಆ ಪ್ಯಾಕೆಟ್ ತಂದವರು ಬೇರೆ ಯಾರೋ ಎಂಬಂತೆ.

ಶ್ರಾವಣದಲ್ಲಿ ಮಲ್ಲಿಕಾ ಬಂದಾಗ ಸಣ್ಣಕ್ಕ ಅವಳನ್ನು ಒಳಗೆ ಕರೆದು ಗೋಡೆ ತೋರಿಸಿದಳು. ತಾಯಿಯ ಬೀಜದ ಬಿಲ್ಲೆಗಳು ಸಾಲಾಗಿ ಒಣಗುತ್ತಿದ್ದವು. ಬಾಗಿಲಿನ ಆಚೆ ಬದಿಗೆ ಒಂದೇ ಒಂದು ಬಿಲ್ಲೆ ಬೇರೆಯಾಗಿತ್ತು.

"ಗುಡ್ಡದಾಚೆ ಹಾಕಿದ್ರಲ್ಲೂ ಅಂಥದ್ದೇ ಒಂದು ದಪ್ಪೆಲೆ ಬಳ್ಳಿ ಬಂದಿತ್ತು ಮಲ್ಲಿಕಾ. ಉಳಿದಿದ್ದೆಲ್ಲ ಕೊಳೀತು, ಅದರ ಒಂದು ಕಾಯಿ ಮಾತ್ರ ಮೊನ್ನೆ ನಾನು ಹೆಚ್ಚುವವರೆಗೂ ಕೊಳೀಲಿಲ್ಲ. ಅದರದ್ದೇ ಬೀಜ ಇದು. ಬರೋ ವರ್ಷ ಬೇರೆ ಜಾಗದಲ್ಲಿ ಹಾಕಿ ನೋಡ್ತೀನಿ. ಅದರಲ್ಲಿ ಒಳ್ಳೇದು ಬಂದ್ರೆ ಮತ್ತೆ ಅದರ ಬೀಜ ಇಡ್ತೀನಿ."

ಮಲ್ಲಿಕಾ ಆ ಒಂಟಿ ಬಿಲ್ಲೆಯನ್ನು ಮುಟ್ಟಿ ನೋಡಿದಳು. "ವಿಜ್ಞಾನಿಗಳು ಮಾಡೋದೂ ಇಷ್ಟೇ ಸಣ್ಣಕ್ಕ" ಎಂದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಾಳೆ ನಿಮ್ಮ ಊರಿಗೂ ಒಂದು ಹೊಳೆಯುವ ಪ್ಯಾಕೆಟ್ ಬರುತ್ತದೆ. ಬರಲಿ, ಓಡಿಸಬೇಡಿ. ಅದರ ಮೇಲೆ ವಿಳಾಸ, ತಾರೀಕು ಇದೆಯೇ ನೋಡಿ. ಬಿಲ್ಲು ಕೇಳಿ. ನಿಮ್ಮ ಬೀಜದ ಪಕ್ಕದಲ್ಲೇ, ಒಂದೇ ಮಣ್ಣಿಗೆ, ಒಂದೇ ಕೈಯಿಂದ ಹತ್ತು ಬೀಜ ಹಾಕಿ ನೋಡಿ. ಆ ಪಾತಿಯ ಕಾಯಿಯಿಂದ ಮಾತ್ರ ಬೀಜ ಇಡಬೇಡಿ, ಅದು ಬೆರಕೆಯಾಗಿರುತ್ತದೆ. ಗದ್ದೆಗೆ ಹಾಕುವ ಮಾತು ಆಮೇಲೆ. ಎಷ್ಟೇ ಒಳ್ಳೆಯ ಬೀಜ ಸಿಕ್ಕಿದರೂ ಮನೆಯ ಬೀಜದಲ್ಲಿ ಒಂದು ಹಿಡಿ ತೆಗೆದಿಡಿ. ಹೊಸ ಬೀಜ ಈ ವರ್ಷ ತಪ್ಪಿದರೆ ಮುಂದಿನ ವರ್ಷವೂ ಸಿಕ್ಕೀತು. ಒಲೆಗೆ ಹಾಕಿದ ಬೀಜವನ್ನು ತಂದುಕೊಡಲು ಯಾವ ರಾಕೆಟ್ಟಿಗೂ ಆಗುವುದಿಲ್ಲ.