ಮೂರನೆಯ ಸಲದ ಬಳೆ ಸದ್ದು

ಒಳಬಾಗಿಲ ಪರದೆಯ ಹಿಂದೆ ಎಲ್ಲೋ ಬಳೆ ಸದ್ದಾಯಿತು, ಒಂದೇ ಸಲ, ಗಾಜಿನದಲ್ಲ, ಚಿನ್ನದ್ದು, ಸದ್ದಿನಲ್ಲೇ ತೂಕ ಗೊತ್ತಾಗುತ್ತದೆ, ಮನೆಯೊಡತಿ ದಾಕ್ಷಾಯಣಮ್ಮನವರು ಕಾಫಿಗೆ ಹಾಲು ಕಾಯಿಸುತ್ತಿರಬೇಕು, ಅಷ್ಟೇ, ಆದರೂ ಜವರಯ್ಯನ ಕೈಯಲ್ಲಿದ್ದ ಚೀಟಿ ಜಾರಿ ಕೆಳಗೆ ಬಿತ್ತು — ಎತ್ತಿಕೊಳ್ಳಯ್ಯ, ಗಾಳಿಗೆ ಹಾರಿದರೆ ಒಂದು ಪದವೇ ಹೋಯ್ತು, ಅಂತ ಗುರುಸಿದ್ದಯ್ಯನವರು ಕನ್ನಡಕದ ಮೇಲಿನಿಂದ ನೋಡಿದರು, ಜಯಲಕ್ಷ್ಮಿಪುರಂನ ಈ ನಡುಮನೆಯಲ್ಲಿ ಕೂತು ಅವರು ನಿಘಂಟು ಬರೆಯಲು ಹಿಡಿದು ಆರು ವರ್ಷ, ಬರೆದ ಚೀಟಿಗಳನ್ನು ಅಕ್ಷರ ನೋಡಿ ಖಾನೆಗೆ ಸೇರಿಸುತ್ತ ಜವರಯ್ಯನಿಗೂ ಆರು ವರ್ಷ, ಉಳೋ ಕೈಗೆ ಇದೇನು ಕೆಲಸವೋ ಅಂತ ಊರಿನವರು ನಕ್ಕರು, ನಗಲಿ, ಬಿತ್ತನೆ ಕಾಳನ್ನು ಬೇರೆ ಬೇರೆ ಮಡಕೆಗೆ ತುಂಬಿಡುವ ಹಾಗೇ ಇದೂ, ಒಂದಕ್ಕೊಂದು ಬೆರೆಯಬಾರದು, ಇವತ್ತಿನದು ನ ಅಕ್ಷರ, ಚೀಟಿಯ ನೆತ್ತಿಯ ಮೇಲೆ ನಾಚಿಕೆ ಅಂತ ಬರೆದಿದೆ. ಹಳಗನ್ನಡದಲ್ಲಿ ನಾಣ್ ಅಂತಿತ್ತಪ್ಪ, ಅದು ನಾಣ್ಚು ಆಯ್ತು, ಬಾಯಲ್ಲಿ ಸವೆದು ಸವೆದು ನಾಚು, ನಾಚಿಕೆ, ಪದದ ಬೇರಂತೂ ಸಿಕ್ಕಿತು, ಪ್ರಯೋಗ ಒಂದು ಬೇಕು, ನಿಮ್ಮ ಕಡೆ ಮನೆಯೊಳಗೆ ಆಡೋ ಹಾಗೇ ಒಂದು ಮಾತು ಹೇಳು, ಏನಯ್ಯ, ಮದುವಣಿಗನ ಹಂಗೆ ತಲೆ ತಗ್ಗಿಸಿಬಿಟ್ಟೆಯಲ್ಲ — ಬೇರು, ಬದುವಿನ ಮೇಲಿನ ನಾಚಿಕೆಮುಳ್ಳಿನ ಬೇರು ಅವನಿಗೆ ಗೊತ್ತು, ಎಲೆ ಮುಟ್ಟಿದರೆ ಮುದುಡುತ್ತದೆ, ಹಿಡಿದು ಎಳೆದರೆ ಅಂಗೈ ಹರಿಯುತ್ತದೆಯೇ ಹೊರತು ಗಿಡ ಬರುವುದಿಲ್ಲ, ಗುದ್ದಲಿಯೇ ಬೇಕು.

ಮನೆಯೊಳಗೆ ಆಡುವ ಮಾತೇ ಇರಲಿಲ್ಲವಲ್ಲ, ಮಗ ಚೆಲುವರಾಜುವಿನ ಕೈ ಹಿಡಿದು ಸರೋಜ ಅಗ್ರಹಾರದ ಆ ಎರಡು ಅಂಕಣದ ಬಾಡಿಗೆ ಮನೆಗೆ ಬಂದಾಗ ಹೆಂಡತಿ ಪುಟ್ಟತಾಯಮ್ಮ ಸೊಸೆಗೆ ಮೊದಲು ಹೇಳಿಕೊಟ್ಟದ್ದೇ ಅದು, ಮಾವನ ಎದುರಿಗೆ ಬಾಯಿ ಬುಡಬ್ಯಾಡ ಕಣವ್ವ, ಬಾಗಿಲ ಸಂದೀಲಿ ಕೈ ಚಾಚಿ ಬಳೆ ಆಡ್ಸು, ಒಂದು ಸಲಕ್ಕೆ ಕಾಫಿ, ಎರಡು ಸಲಕ್ಕೆ ಊಟ, ಅವ್ರಿಗೆ ತಿಳೀತದೆ — ತಿಳಿಯುತ್ತಿತ್ತು, ಮೂರು ವರ್ಷ ಜವರಯ್ಯ ಸೊಸೆಯನ್ನು ಕಂಡದ್ದು ಹಸಿರು ಗಾಜಿನ ಬಳೆ ತೊಟ್ಟ ಒಂದು ಕೈಯಾಗಿ, ಹೆಬ್ಬೆರಳಿನ ಬುಡದಲ್ಲಿ ಒಲೆ ಸುಟ್ಟ ಕಲೆ, ಮುಖ ಹೇಗಿತ್ತೋ, ನೋಡಬಾರದು, ನೋಡಲಿಲ್ಲ. ಜವರಯ್ಯನ ಮಗಳಿಗೆ ಗಂಡು ಗೊತ್ತು ಮಾಡಲು ಬನ್ನೂರಿನ ಬೆಟ್ಟಯ್ಯ ಬಂದು ಕೂತಿದ್ದ ಆ ಮಧ್ಯಾಹ್ನ, ಚೆಲುವರಾಜು ಕೆಲಸಕ್ಕೆ ಹೋಗಿದ್ದ, ಪುಟ್ಟತಾಯಮ್ಮ ಮಗಳನ್ನು ಕರೆದುಕೊಂಡು ಬಾಳೆಎಲೆ ತರಲು ಮಾರ್ಕೆಟ್ಟಿಗೆ ಹೋಗಿದ್ದಳು, ಸರೋಜಳಿಗೆ ಏಳು ತಿಂಗಳು, ಬಾಗಿಲ ಸಂದಿಯಲ್ಲಿ ಬಳೆ ಸದ್ದಾಯಿತು, ಒಂದು, ಕಾಫಿ ಆಗ್ಲೇ ಕುಡಿದಾಯ್ತಲ್ಲ, ಎರಡು, ಊಟಕ್ಕೆ ಇಷ್ಟು ಬೇಗವೆ, ಇರವ್ವ, ಮಾತು ಮುಗೀಲಿ ಅಂದ, ಮೂರು — ಮೂರು ಸಲಕ್ಕೆ ಅವರ ಮನೆಯಲ್ಲಿ ಅರ್ಥವೇ ಇರಲಿಲ್ಲ, ಬೆಟ್ಟಯ್ಯ ಎಲೆಗೆ ಸುಣ್ಣ ಹಚ್ಚುತ್ತ, ಏನ್ ನಾಚಿಕೆ ಸೊಸೆ ಕಣಪ್ಪ ನಿಂದು, ನಮ್ಮನೇ ಸೊಸೇರು ಮಾವನ ತಲೆ ಮೇಲೆ ಕೂತವ್ರೆ, ಪುಣ್ಯ ಮಾಡಿದ್ದೆ ಬುಡು ಅಂದ, ಜವರಯ್ಯನಿಗೆ ಹಿಗ್ಗು, ಹೌದು, ಹಿಗ್ಗಿದ, ಆ ಹಿಗ್ಗಿನಲ್ಲಿ ಕೂತೇ ಇದ್ದ, ಸದ್ದು ಬರುತ್ತಲೇ ಇತ್ತು, ಎದ್ದು ಹೋಗಿ ಒಳಗೆ ಇಣುಕುವುದು ಹೇಗೆ, ಒಬ್ಬಳೇ ಇರುವ ಸೊಸೆಯನ್ನು ಮಾವನಾದವನು, ಪರರ ಎದುರಿಗೆ, ಏನಂದುಕೊಂಡಾರು, ಆಮೇಲೆ ಸದ್ದು ನಿಂತಿತು, ನಿಂತಿತಲ್ಲ ಸದ್ಯ ಅಂದುಕೊಂಡ, ಪುಟ್ಟತಾಯಮ್ಮ ಬಂದು ಒಳಬಾಗಿಲು ತಳ್ಳಿದರೆ ಬಾಗಿಲು ತೆರೆಯಲಿಲ್ಲ, ಹಿಂದೆ ಸರೋಜ ಬಿದ್ದಿದ್ದಳು, ಬಾಗಿಲ ಕೆಳಗಿನಿಂದ ರಕ್ತ ಹೊಸಲು ದಾಟಿ ಹರಿದು ನಡುಮನೆಗೆ ಬಂತು. ಮುಖ ಕಂಡದ್ದು ಚಟ್ಟದ ಮೇಲೆ, ಹುಡುಗಿ, ಗಲ್ಲದ ಮೇಲೆ ಸಣ್ಣ ಮಚ್ಚೆ. ಅಪ್ಪ, ನೀನು ಅಲ್ಲೇ ಇದ್ಯಲ್ಲ, ಏನೂ ಕೇಳಿಸ್ನಿಲ್ವಾ, ಚೆಲುವರಾಜು ಒಂದೇ ಸಲ ಕೇಳಿದ, ಇಲ್ಲ ಕಣಪ್ಪ ಅಂದ, ಆ ಇಲ್ಲವನ್ನು ಹೊತ್ತುಕೊಂಡು ನಾಲ್ಕು ವರ್ಷ, ಮಗ ಮತ್ತೆ ಮದುವೆಗೆ ಒಪ್ಪಿಲ್ಲ, ಅಪ್ಪನ ಮುಂದೆ ಉಣ್ಣುತ್ತಾನೆ, ಮಾತಾಡುತ್ತಾನೆ, ನಂಬಿದ್ದಾನೆ, ನಂಬಿರುವುದೇ ಎದೆಗೆ ಚುಚ್ಚುತ್ತದೆ — ಹೇಳಪ್ಪ, ಶಾಯಿ ಆರುತ್ತೆ, ಗುರುಸಿದ್ದಯ್ಯನವರ ಲೇಖನಿ ಚೀಟಿಯ ಮೇಲೆ ಕಾದಿದೆ, ನಮ್ ಸೊಸೆ ಬಲು ನಾಚಿಕೆಯೋಳು, ಅಂದ ಜವರಯ್ಯ, ಭೇಷ್ ಅಂತ ಅವರು ಬರೆದುಕೊಂಡರು, ಸೊಸೆ, ನಾಚಿಕೆ ಅನ್ನುವ ಅಕ್ಷರಗಳು ಒದ್ದೆಯಾಗಿ ಹೊಳೆದವು, ಅಲ್ಲ ಸ್ವಾಮಿ, ಹೊಡೆದು ಹಾಕಿ ಅದನ್ನ, ನಾಚಿಕೆ ಅವಳದಲ್ಲ, ನಂದು, ಅವಳು ಕರೀತಿದ್ಲು, ನಂಗೆ ಕೇಳಿಸ್ತಿತ್ತು — ಏನಯ್ಯ ಅದು, ಯಾರು ಕರೀತಿದ್ರು, ಅವರು ಲೇಖನಿ ಎತ್ತಿ ನೋಡುತ್ತಿದ್ದಾರೆ, ಚೆಲುವರಾಜುವಿಗೆ ಇವತ್ತು ಹೇಳಬೇಕು, ಸಂಜೆ ಬಂದ ಕೂಡಲೆ, ಹೇಳಿದರೆ ಅವನೂ ಮಾತು ಬಿಟ್ಟು ಬಾಗಿಲಾಚೆಯವನಾದಾನು, ಆಗಲಿ, ಹೇಗೆ ಎತ್ತುವುದು ಮಾತನ್ನ, ಎಲ್ಲಿಂದ, ಒಳಗೆ ಮತ್ತೆ ಬಳೆ, ಒಂದು, ಎರಡು, ಜವರಯ್ಯ ತಿರುಗಿದ, ಪರದೆಯಲ್ಲ, ಬಾಗಿಲ ಸಂದಿ, ಸಂದಿಯಲ್ಲಿ ಹೆಬ್ಬೆರಳು ಸುಟ್ಟ ಆ ಕೈ, ಹಸಿರು ಬಳೆ, ಆಡುತ್ತಿದೆ, ಆಡುತ್ತಲೇ ಇದೆ