ಕಲ್ಲೆತ್ತಿದ ಜಾಗ

ಇನ್ನೂ ಬೆಚ್ಚಗಿದೆಯಲ್ಲ ಇದು, ಕೋಳಿ ಈಗಷ್ಟೇ ಎದ್ದುಹೋದ ಮೊಟ್ಟೆಯ ಹಾಗೆ, ಡೆಲಿಯಾ ಕೋಟಿನ ಜೇಬಿನೊಳಗೇ ಕಲ್ಲನ್ನು ಹೊರಳಿಸಿದಳು, ರಾತ್ರಿಯ ಬೆಂಕಿ ಇನ್ನೂ ಇದರ ಹೊಟ್ಟೆಯಲ್ಲಿದೆ, ಮಸಿ ತೊಳೆದ ಮೇಲೆ ಎಷ್ಟು ಬಿಳುಪು, ಒಳ್ಳೇ ಬೆಣಚುಕಲ್ಲು, ಒಂದು ಮೂಲೆ ಮಾತ್ರ ಕಲ್ಲುಸಕ್ಕರೆ ಮುರಿದ ಹಾಗೆ ಹೊಳೆಯುತ್ತದೆ, ಗಾಲ್ವೇ ಪಟ್ಟಣದ ಮನೆಯಲ್ಲಿ ಪಾತ್ರೆ ತೊಳೆಯುವ ಕಿಟಕಿಗೆ ಇದನ್ನು ಇಡಬೇಕು, ಚಳಿಗಾಲವಿಡೀ ಈ ರಜೆ ಕಣ್ಣೆದುರಿಗಿರುತ್ತದೆ — ಕಡಲು, ಗಾರೆಯಿಲ್ಲದ ಕಲ್ಲುಗೋಡೆ, ಗೋಡೆಯಾಚೆಯ ಆ ಸೊಕ್ಕಿನ ಕತ್ತೆ, ಇಲ್ಲಿ ಹೊಲದ ನಡುವೆ ಒಂಟಿ ಮುಳ್ಳುಮರ, ಅದರ ಕೆಳಗೆ ಹುಲ್ಲಿನಲ್ಲಿ ಯಾರೋ ಹಾಲು ಚೆಲ್ಲಿದ ಹಾಗೆ ಬಿದ್ದಿದ್ದ ಈ ಕಲ್ಲುಗಳು. ಬಂದ ದಿನವೇ ಮಡಿಲು ತುಂಬ ಆರಿಸಿ ತಂದದ್ದು ಅವಳೇ, ಬೆಂಕಿಯ ಸುತ್ತ ಜೋಡಿಸುವುದಕ್ಕೆ, ಹಾಸಿದ ಕಂಬಳಿ ಗಾಳಿಗೆ ಹಾರದಂತೆ ಮೂಲೆಗಳಿಗೆ ಇಡುವುದಕ್ಕೆ, ಗಂಡ ಮಲಾಕಿ ನಕ್ಕಿದ್ದ, ಮಹಾರಾಯ್ತಿ, ಮೊದಲು ಬೆನ್ನು ನೋಡ್ಕೋ, ಮನೆ ಕಟ್ಟೋದು ಆಮೇಲೆ — ಅಮ್ಮ ಇದ್ದಿದ್ದರೆ ನಗುತ್ತಿರಲಿಲ್ಲ, ಬಿಳಿ ಕಲ್ಲು ಮನೆಗೆ ತರಬಾರದು, ದೋಣಿಗೆ ಹಾಕಬಾರದು, ಮೀನುಗಾರರ ಮನೆಯ ಹೆಣ್ಣು ಅಮ್ಮ, ಅವಳ ಬಾಯಲ್ಲಿ ಎಲ್ಲದಕ್ಕೂ ಒಂದು ಬಾರದು, ಆ ಹೊಲಕ್ಕೆ ಹೋಗಬಾರದು, ಅಲ್ಲಿನ ಹುಲ್ಲು ತುಳಿದರೆ ದಾರಿ ತಪ್ಪುತ್ತದೆ, ಬೆಳಗಿನವರೆಗೂ ಸುತ್ತುತ್ತಲೇ ಇರುತ್ತೀರಿ ಮಕ್ಕಳಾ, ಮುಳ್ಳುಮರದವರು ಬಿಡುವುದಿಲ್ಲ. ಎಷ್ಟು ಬೇಸಿಗೆ ಅಜ್ಜಿಮನೆಗೆ ಬಂದರೂ ಈ ಹೊಲವನ್ನು ಗೋಡೆಯಾಚೆಯಿಂದ ನೋಡಿದ್ದೇ ಹೊರತು ಕಾಲಿಟ್ಟವಳಲ್ಲ ಡೆಲಿಯಾ, ಅಜ್ಜಿಮನೆ ಮಾರಿಹೋಯಿತು, ಅಮ್ಮ ಮಣ್ಣಾದಳು, ಈಗ ಇದೇ ಹೊಲದಲ್ಲಿ ಡೇರೆ ಹಾಕಿಕೊಂಡು ಹೊಟ್ಟೆತುಂಬ ಕಡಲ ಸಿಂಪಿ ತಿಂದು, ಕಪ್ಪು ಬಿಯರು ಕುಡಿದು, ಮಂಡಿನೋವಿನ ಗಂಡನನ್ನು ಎಳೆದುಕೊಂಡು ಕುಣಿದದ್ದಾಯಿತು, ಯಾವ ದಾರಿಯೂ ತಪ್ಪಲಿಲ್ಲ, ಅಮ್ಮಾ, ನೋಡು.

ಗೋಡೆಯ ಸಂದಿನಿಂದ ಒಬ್ಬ ಮುದುಕ ಬರುತ್ತಿದ್ದಾನೆ, ಕೈಯಲ್ಲಿ ಸೋಡಾ ರೊಟ್ಟಿ ಕಟ್ಟಿದ ಬಟ್ಟೆ, ಹಿಂದೆ ಕುಂಟು ನಾಯಿ, ಮುದುಕನ ಹೆಸರು ಫೆಸ್ಟಿ, ಹೊಲದ ಯಜಮಾನ, ಡೇರೆಯವರನ್ನೆಲ್ಲ ನೋಡಿಕೊಳ್ಳುವುದು ಅವನ ಸೊಸೆ, ಮುದುಕ ಸೊಂಟ ಹಿಡಿದು ಇಷ್ಟು ದಿನ ಮಲಗಿದ್ದನಂತೆ, ಪೆಗ್ಗಿಯ ಮಗಳು ಬಂದಿದ್ದಾಳೆ ಅಂದ ಮೇಲೆ ಹಾಸಿಗೆಗೆ ಏನು ಬೆಲೆ ಅನ್ನುತ್ತ ಬಂದ, ಅಮ್ಮನದೇ ಮೂಗು, ಪುಣ್ಯಕ್ಕೆ ನಾಲಿಗೆ ಯಾರದೋ, ಅಂದ, ಮಲಾಕಿ ಡೇರೆಯ ಬಾಗಿಲಿನಿಂದಲೇ, ನಾಲಿಗೆಯೂ ಅವರದೇ ಯಜಮಾನ್ರೇ, ಕೇಳಿಸಿಕೊಳ್ಳೋನು ನಾನು, ಅಂದ, ನಕ್ಕರು, ಡೆಲಿಯಾಳೂ ನಕ್ಕಳು, ಬಿಸಿಲು ಬಿತ್ತು, ಕಡಲಿನ ಮೇಲೆ ಮೋಡದ ನೆರಳು ಓಡಿತು, ಆಗ ಮುದುಕ ಹವಾಮಾನ ಕೇಳುವಷ್ಟೇ ಹಗುರವಾಗಿ ಕೇಳಿದ, ಹುಡುಗನ್ನ ನೋಡಿದ್ಯಾ ಮಗಳೇ, ಜಾಗ ಸಿಕ್ತಾ?

ಯಾವ ಹುಡುಗ, ಅಂದಳು. ಅವನು ಟೋಪಿ ತೆಗೆದ. ಅದಕ್ಕೇ ನೀನು ಬಂದೆ ಅಂದ್ಕೊಂಡೆನಲ್ಲೇ, ಅದಕ್ಕೇ ಈ ಹೊಲ ಕೇಳ್ದೆ ಅಂತ — ನಿಮ್ಮಣ್ಣ, ನಿನಗಿಂತ ಮೊದಲಿನವನು, ಉಸಿರಿಲ್ಲದೆ ಹುಟ್ಟಿದವನು, ಜ್ಞಾನಸ್ನಾನ ಆಗಿರಲಿಲ್ಲವಲ್ಲ, ಪಾದ್ರಿ ಇಗರ್ಜಿಯ ಮಂತ್ರಿಸಿದ ನೆಲದಲ್ಲಿ ಹೂಳೋಕೆ ಬಿಡಲಿಲ್ಲ, ನಿಮ್ಮಪ್ಪ ಬೆಣ್ಣೆ ಪೆಟ್ಟಿಗೆಯಲ್ಲಿಟ್ಟು ಕೋಟಿನೊಳಗೆ ಮುಚ್ಕೊಂಡು ಬಂದ, ಮುಸ್ಸಂಜೆ, ಗುದ್ದಲಿ ಹಿಡಿದು ಮುಂದೆ ನಡೆದವನು ನಾನು, ನಮ್ಮಮ್ಮನ ಕೂಸುಗಳೂ ಎರಡು ಇಲ್ಲೇ ಇವೆ, ಅದಕ್ಕೇ ಮೇಲುಗಡೆ ಯಾರಿಗೂ ಡೇರೆ ಹಾಕೋಕೆ ಬಿಡೋಲ್ಲ, ಎಲ್ಲಾ ಕೆಳಗಡೆ, ಒಬ್ಬೊಬ್ಬರಿಗೂ ಒಂದೊಂದು ಬಿಳಿ ಕಲ್ಲು, ಹೆಸರು ಬರೆಯೋ ಹಾಗಿಲ್ಲ, ಶಿಲುಬೆ ಇಡೋ ಹಾಗಿಲ್ಲ, ಕಲ್ಲಿಗೆ ಮಾತ್ರ ಯಾರೂ ಬೇಡ ಅನ್ನಲಿಲ್ಲ. ಅಂದವನ ಕಣ್ಣು ಬೆಂಕಿಯ ಕಡೆ ಹೋಯಿತು, ಬೂದಿಯ ಸುತ್ತ ಮಸಿ ಹಿಡಿದು ಕೂತ ಕಲ್ಲುಗಳ ಕಡೆ, ಅಲ್ಲಿಂದ ಕಂಬಳಿಯ ಮೂಲೆಗೆ, ಇನ್ನೊಂದು ಮೂಲೆಗೆ, ರೊಟ್ಟಿಯ ಗಂಟು ಹಿಡಿದ ಕೈ ಇಳಿಯಿತು. ಇವನ್ನ ಎತ್ತಿದ್ದು ಯಾರು ಮಗಳೇ, ಅಂದ, ಬೈಗುಳವೂ ಇಲ್ಲ, ಗದ್ಗದವೂ ಇಲ್ಲ, ನಾಯಿ ಮಾತ್ರ ಅವನ ಮುಖ ನೋಡಿತು.

ಎತ್ತಿದ್ದು ಯಾರು, ಎತ್ತಿದ್ದು ಯಾರು — ಡೆಲಿಯಾಳ ಕಾಲುಗಳು ತಾವಾಗಿ ಮೇಲಕ್ಕೆ ನಡೆದಿವೆ, ಮುಳ್ಳುಮರದ ಕಡೆ, ಹಿಂದೆ ಮಲಾಕಿ ಏನೋ ಕೂಗುತ್ತಿದ್ದಾನೆ, ಕಿವಿಯಲ್ಲಿ ಗಾಳಿಯೋ ನೆತ್ತರೋ, ಅಣ್ಣ, ಅಣ್ಣ ಅನ್ನುವ ಪದವನ್ನು ಈ ಬಾಯಿ ಯಾರಿಗೂ ಅಂದದ್ದಿಲ್ಲ, ಮನೆಗೆ ನಾನೇ ಹಿರಿಯಳು ಅಂತ ಎಷ್ಟು ಜಂಬಪಟ್ಟಿದ್ದೆ, ರಾತ್ರಿ ಅದೇ ಬೆಂಕಿಯ ಸುತ್ತ ಡೇರೆಗಳವರೆಲ್ಲ ಕೂತು ಒಂದು ಹಾಡು ಅಂದಾಗ ಅಮ್ಮ ಹಾಡುತ್ತಿದ್ದ ತೊಟ್ಟಿಲ ಹಾಡನ್ನು ಹಾಡಿದಳಲ್ಲ, ಎಲ್ಲರೂ ಚಪ್ಪಾಳೆ ತಟ್ಟಿದರಲ್ಲ, ಮಗುವಿನ ತಲೆದೆಸೆಯ ಕಲ್ಲಿಗೆ ಬೆಂಕಿ ಹಾಕಿ — ಮೊನ್ನೆ ಬಂದರಿನಲ್ಲಿ ದೋಣಿಗಳ ಹಬ್ಬ, ಪಾದ್ರಿ ಬೆಳ್ಳಿಯ ಬಟ್ಟಲು ಹಿಡಿದು ಒಂದೊಂದು ದೋಣಿಗೂ ನೀರು ಚಿಮುಕಿಸಿದ, ಬಲೆಗೆ ನೀರು, ಲಂಗರಿಗೆ ನೀರು, ದೋಣಿಯಲ್ಲಿದ್ದ ನಾಯಿಯ ಮೂಗಿನ ಮೇಲೂ ಒಂದು ಹನಿ ಬಿದ್ದು ಅದು ಸೀನಿತು, ಎಲ್ಲರೂ ನಕ್ಕರು, ಅವಳು ಫೋಟೋ ತೆಗೆದಳು, ಟಾರು ಬಳಿದ ಹಲಗೆಗೆ ಉಂಟು, ನಾಯಿಗೆ ಉಂಟು, ಅಮ್ಮನ ಮಗನಿಗೆ ಒಂದು ಹನಿಗೂ ಬರ, ಸ್ವರ್ಗವೂ ಅಲ್ಲ ನರಕವೂ ಅಲ್ಲ ಲಿಂಬೋ ಅಂತ ಒಂದು ಕತ್ತಲೆಕೋಣೆ ಕಟ್ಟಿ, ಹೆತ್ತವಳು ಬಾಣಂತಿ ಹಾಸಿಗೆಯಲ್ಲಿ ಹಾಲು ಕಟ್ಟಿ ನರಳುವಾಗ ಅವಳ ಕೂಸನ್ನು ಅದರೊಳಗೆ ನೂಕಿ ಅಗುಳಿ ಹಾಕಿದವರು, ಈಗ ರೋಮಿನ ಪಂಡಿತರು ಕೂತು ಆ ಕೋಣೆ ಇದೆ ಅಂತ ನಂಬಲೇಬೇಕಾಗಿಲ್ಲ ಅಂದರಂತೆ, ಅಮ್ಮನಿಗೆ ಹೇಳಿದರೇ, ಮುಳ್ಳುಮರದ ಕೆಳಗೆ ಬಂದು ಒಬ್ಬರಾದರೂ ಹೇಳಿ ಹೋದರೇ, ಅಮ್ಮ ಮುಳ್ಳುಮರದವರು ಅಂದದ್ದು ಈ ಕೂಸುಗಳನ್ನೇ, ನಾಚಿಕೆಯನ್ನೂ ಅವಳ ತಲೆಗೇ ಹೊರಿಸಿದರು, ದೆವ್ವದ ಕಥೆ ಕಟ್ಟಿ ಹೇಳು, ಮಕ್ಕಳು ತುಳಿಯದ ಹಾಗೆ ನೋಡಿಕೋ, ಅಷ್ಟೇ ನಿನ್ನ ಪಾಲಿನ ಕಾವಲು — ಆ ಪೆಟ್ಟು, ಅಮ್ಮ ಜನ್ಮದಲ್ಲಿ ಕೊಟ್ಟ ಒಂದೇ ಪೆಟ್ಟು, ಅಜ್ಜಿಮನೆಯಿಂದ ಹೊರಟ ಕಾರಿನಲ್ಲಿ, ಡೆಲಿಯಾಳ ಫ್ರಾಕಿನ ಮಡಿಲಲ್ಲಿ ಬಿಳಿ ಕಲ್ಲು, ಇಳಿಜಾರಿಗೆ ಉರುಳಿ ಬಂದು ಗೋಡೆಗೆ ತಾಗಿದ್ದದ್ದನ್ನು ಸಂದಿಗೆ ಕೈಹಾಕಿ ಎಳೆದುಕೊಂಡದ್ದು, ಕೆನ್ನೆ ಉರಿಯಿತು, ಅಪ್ಪ ಕಾರು ತಿರುಗಿಸಿದ, ಅಷ್ಟು ದೂರ ವಾಪಸ್ಸು, ಅಮ್ಮ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಒಬ್ಬಳೇ ಹೊಲದೊಳಗೆ ಹೋದಳು, ಎಷ್ಟು ಹೊತ್ತಾದರೂ ಬರಲಿಲ್ಲ, ಬಂದಾಗ ಎರಡೂ ಮೊಣಕಾಲಿಗೆ ಹಸಿ ಮಣ್ಣು, ಕಾಲ್ಚೀಲ ಹರಿದಿತ್ತು, ಗಾಲ್ವೇಯವರೆಗೂ ಅದನ್ನು ಒರೆಸಿಕೊಳ್ಳಲಿಲ್ಲ.

ಅಮ್ಮನಿಗೆ ಜಾಗ ಗೊತ್ತಿತ್ತು, ಎಲ್ಲಿಯದು ಅಲ್ಲಿಗೇ ಇಟ್ಟು ಬಂದಳು, ಈಗ ಇಲ್ಲಿ ಮುಳ್ಳುಮರದ ಕೆಳಗೆ ಹುಲ್ಲಿನಲ್ಲಿ ಹಳದಿ ಗುರುತುಗಳು, ಗಾಯದ ಪಟ್ಟಿ ಬಿಚ್ಚಿದ ಮೇಲಿನ ಚರ್ಮದ ಹಾಗೆ ಬಿಳಿಚಿಕೊಂಡಿವೆ, ಇಲ್ಲೊಂದು, ಬೇರಿನ ಪಕ್ಕ ಒಂದು, ಅಲ್ಲಿ ಜೋಡಿಯಾಗಿ ಎರಡು, ಎಲ್ಲ ತನ್ನ ಕೈಯವೇ, ಯಾವುದು ಯಾವ ಗುರುತಿನದು, ಕೆಳಗೆ ಮಸಿ ಹಿಡಿದು ಕೂತವು ಯಾರ ಮಕ್ಕಳು, ಕಂಬಳಿಯ ಮೂಲೆಯವು ಯಾರವು, ಫೆಸ್ಟಿ ಮೆಲ್ಲಗೆ ಹತ್ತಿ ಬಂದು ಪಕ್ಕದಲ್ಲಿ ನಿಂತ, ನಿನಗಾದರೂ ಗೊತ್ತಾ ಅಜ್ಜ, ಅಂದಳು, ಮಲಗಿಸಿದ ಸಾಲು ಗೊತ್ತು ಮಗಳೇ, ಅಂದ, ಕಲ್ಲು ಗೊತ್ತಿಲ್ಲ, ಅದು ತಾಯಂದಿರಿಗೆ ಗೊತ್ತಿತ್ತು. ಡೆಲಿಯಾ ಮೊಣಕಾಲೂರಿದಳು, ತೇವ ಬಟ್ಟೆ ದಾಟಿ ಚರ್ಮಕ್ಕೆ ಬಂತು, ಜೇಬಿನ ಕಲ್ಲನ್ನು ತೆಗೆದು ಒಂದು ಹಳದಿ ಗುರುತಿನ ಮೇಲೆ ಇಟ್ಟಳು, ಕೂರಲಿಲ್ಲ, ಪಕ್ಕದ್ದರ ಮೇಲೆ, ಅಲ್ಲೂ ಒಂದು ಮೂಲೆ ಎತ್ತಿಕೊಂಡಿತು, ಬೇರಿನ ಹತ್ತಿರದ್ದರ ಮೇಲೆ, ಇಲ್ಲ, ಇದೂ ಅಲ್ಲ, ಮತ್ತೆ ಕೈಗೆತ್ತಿಕೊಂಡಳು, ಬಿಳಿ ಕಲ್ಲು, ಅಮ್ಮನ ಮೊಣಕಾಲಿನ ಹಸಿ ಮಣ್ಣು, ಬಿಳಿ ಕಲ್ಲು, ಎಲ್ಲಿ ಇಡಲಿ — ಇನ್ನೂ ಬೆಚ್ಚಗಿದೆ, ಬೆಚ್ಚಗೇ ಇದೆ —